ಮೇಲಿನ ಕಿಟಕಿಯ ದೀಪ

ಕಾರ್ಮಿಕರ ಕ್ಯಾಂಪ್, ಉತ್ತರ ಆಲ್ಬರ್ಟಾ
4 ನವೆಂಬರ್ 2007

ಸೆಲ್ಬಿ,

ಬಂದು ಸೇರಿದೆ. ಒಂದು ಹಡಗು, ಎರಡು ವಿಮಾನ, ಒಂದು ಬಸ್ಸು, ಕೊನೆಗೆ ಒಂದು ತಗಡಿನ ಕೋಣೆ. ಗೋಡೆಯಾಚೆ ಒಬ್ಬ ವೆಲ್ಡರ್ ಗೊರಕೆ ಹೊಡೆಯುತ್ತಾನೆ. ನಿನ್ನ ದೋಣಿಯ ಎಂಜಿನ್ನೇ ವಾಸಿ. ಕಚ್ಚಾ ಎಣ್ಣೆ ಬೆರೆತ ಮರಳು ಅಗೆಯುವ ಗಂಡಸರಿಗೆ ಬೆಳಗಿನ ತಿಂಡಿ ಮಾಡುವುದು ನನ್ನ ಪಾಳಿ. ಉಪ್ಪುಮೀನು ಮಾಡೋಣವೇ ಎಂದು ಅಡುಗೆಮನೆಯ ಯಜಮಾನನನ್ನು ಕೇಳಿದೆ. "ಅದನ್ನ ತಿನ್ನೋಕೆ ಶಿಕ್ಷೆ ಏನಾದ್ರೂ ಆಗಿರಬೇಕಾ?" ಅಂದ.

ಫೋನಿಗೆ ಇಲ್ಲಿ ಸಾಲು ನಿಲ್ಲಬೇಕು, ನಿನಗಂತೂ ಫೋನಿನಲ್ಲಿ ಅರ್ಧ ಕೇಳಿಸುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಚಳಿಗೆ ಹೆಪ್ಪುಗಟ್ಟಿ ಒಡೆಯದಿರಲಿ ಎಂದು ಮನೆಯ ನೀರಿನ ಕೊಳವೆ ಖಾಲಿ ಮಾಡಿ ಬಂದಿದ್ದೇನೆ, ಅದರ ಚಿಂತೆಯಿಲ್ಲ. ಚಿಂತೆ ದೀಪದ್ದು. ಗಡಿಬಿಡಿಯಲ್ಲಿ ಮೇಲಿನ ಕೋಣೆಯ ಕಿಟಕಿಯ ದೀಪ ಆರಿಸದೆ ಬಂದೆ. ಕೀಲಿ ನಿನ್ನ ಬಳಿ ಇದೆಯಲ್ಲ, ಹೋಗಿ ಆರಿಸು. ಗುಡ್ಡದ ಮೇಲೆ ಖಾಲಿ ಮನೆಗೆ ರಾತ್ರಿಯಿಡೀ ದೀಪ ಉರಿಸಿ, ಅದರ ಬಿಲ್ಲು ತೆರಲು ನಾನು ಇಲ್ಲಿ ಮೊಟ್ಟೆ ಒಡೆಯಬೇಕಾಗಿಲ್ಲ.

ಗಾರ್ಲೆಂಡ್ ಬದುಕಿದ್ದಿದ್ದರೆ ಹೆಂಡತಿಯನ್ನು ಇಷ್ಟು ದೂರ ಕಳಿಸುತ್ತಿರಲಿಲ್ಲ. ಇರಲಿ. ಒಂದು ಚಳಿಗಾಲ ತಾನೇ, ಏಪ್ರಿಲ್‌ಗೆ ಬಂದುಬಿಡುತ್ತೇನೆ. ಮೆಲ್ವಿನಾಳಿಗೆ ಹೇಳು, ಅವಳು ಕೊಟ್ಟ ಜಾಮ್ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡರು.

ಎಫಿ

*

ಮಾರ್ಲೋ ಕೋವ್, ನ್ಯೂಫೌಂಡ್‌ಲ್ಯಾಂಡ್
15 ನವೆಂಬರ್ 2007

ಎಫಿ,

ನಿನ್ನ ಮನೆ ಎಲ್ಲೂ ಓಡಿಹೋಗಿಲ್ಲ. ಜಾಮಿನ ಸುದ್ದಿ ಕೇಳಿ ಅಕ್ಕ ಮೂರು ದಿನ ವಿಮಾನದವರನ್ನು ಬೈದಳು, ಈಗ ನನ್ನನ್ನು ಬೈಯುತ್ತಿದ್ದಾಳೆ.

ದೀಪ ಇನ್ನೂ ಆರಿಸಿಲ್ಲ. ಒಂದು ಮಾತು ಕೇಳಿ ಆರಿಸೋಣ ಎಂದುಕೊಂಡೆ. ಇದ್ದರೆ ಇರಲಿ ಬಿಡು. ಮಿಕ್ಕಿದ್ದೆಲ್ಲ ಆರಿಸುತ್ತೇನೆ, ಆ ಒಂದು ಇರಲಿ. ಗಾರ್ಲೆಂಡ್ ಹೋದ ಮೇಲೂ ನೀನು ಅದನ್ನು ಒಂದು ಸಂಜೆಯೂ ತಪ್ಪಿಸಿರಲಿಲ್ಲ. ಊರಿಗೆ ಅಭ್ಯಾಸವಾಗಿದೆ.

ಬೇರೆ ಸುದ್ದಿ ಏನೂ ಇಲ್ಲ. ಬೇಸಿಗೆಯಲ್ಲಿ ಸರ್ಕಾರದವರು ಮೂಗುಗುಡ್ಡದ ಮೇಲಿದ್ದ ದೋಣಿಗಳ ದಾರಿದೀಪ ಕಿತ್ತುಕೊಂಡು ಹೋದರಲ್ಲ, ಮತ್ತೆ ಹಾಕಿ ಎಂದು ಅರ್ಜಿ ಕೊಟ್ಟಿದ್ದೆ. ಚಳಿಗಾಲದಲ್ಲಿ ಮೀನಿಗೆ ಹೋಗುವುದು ಒಂದೇ ದೋಣಿ, ಅದಕ್ಕೆ ದೀಪ ಯಾಕೆ ಎಂದರು. ಆ ಒಂದೇ ದೋಣಿ ನನ್ನದು. ದೋಣಿಯಲ್ಲಿ ಪರದೆಯ ಮೇಲೆ ದಾರಿ ತೋರಿಸುವ ಯಂತ್ರ ಇದೆ, ಆದರೆ ಉಪ್ಪುನೀರು ಕುಡಿದು ಅದು ಅರ್ಧ ದಿನ ಕುರುಡಾಗಿರುತ್ತದೆ. ಬಂದರಿನ ಬಾಯಲ್ಲಿ ಮುದುಕಿ ಬಂಡೆ ಹಾಗೆಯೇ ಕೂತಿದ್ದಾಳೆ, ನೀರು ಏರಿದಾಗ ತಲೆಯ ಮೇಲೆ ಸೆರಗೆಳೆದುಕೊಂಡು. ಕತ್ತಲು ಈಗ ಬೇಗ ಬೀಳುತ್ತದೆ.

ಮೇಲಿನ ದೀಪದ ವಿಷಯ ಬರಿ.

ಸೆಲ್ಬಿ

*

ಕ್ಯಾಂಪ್, ಆಲ್ಬರ್ಟಾ
25 ನವೆಂಬರ್ 2007

ಸೆಲ್ಬಿ,

ನೀನು ಗಾರ್ಲೆಂಡನ ಮಾತೆತ್ತಿದ್ದು ಓದಿ ಮೊದಲು ಪತ್ರ ಮಡಚಿಟ್ಟೆ, ಆಮೇಲೆ ನಗು ಬಂತು. ನೀನೂ ಅವನೂ ಒಂದೇ ದೋಣಿಯಲ್ಲಿ ಮೀನು ಹಿಡಿದವರು, ಅವನ ನೆನಪಿಗೆ ದೀಪ ಉರಿಯಲಿ ಎಂಬ ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ನೆನಪಿಗೆ ಮೀಟರ್ ಬೇಡ. "ಮೇಲಿನ ದೀಪ ಹಾಕಿರೇ" ಎಂದು ಅವನು ಹೇಳುತ್ತಿದ್ದ, ನಾನು ಎದ್ದಿದ್ದೇನೆಂದು ಅವನಿಗೆ ದೂರದಿಂದಲೇ ತಿಳಿಯಲಿ ಎಂದು ಹಾಕುತ್ತಿದ್ದೆ. ಅವನಿಲ್ಲದ ಮೇಲೆ ಕೈ ತಾನಾಗಿ ಹಾಕುತ್ತಿತ್ತು. ಅಷ್ಟೇ.

ಇಲ್ಲಿ ನನ್ನ ಜೊತೆ ಪಾತ್ರೆ ತೊಳೆಯುವ ಡೊರೀನ್ ನಮ್ಮ ಪಕ್ಕದ ಕೊಲ್ಲಿಯವಳು. ಅವರ ಊರಲ್ಲಿ ಖಾಲಿ ಮನೆಗೆ ನುಗ್ಗಿ ತಾಮ್ರದ ಕೊಳವೆಗಳನ್ನೆಲ್ಲ ಗೋಡೆಯಿಂದ ಕಿತ್ತುಕೊಂಡು ಹೋದರಂತೆ. ಆ ಮನೆಯವರೂ ದೀಪ ಉರಿಸಿಯೇ ಬಂದಿದ್ದರು. ಡೊರೀನ್ ಹೇಳುತ್ತಾಳೆ, "ಕಳ್ಳ ದಡ್ಡ ಅಲ್ಲ ಕಣೇ. ಸಂಜೆಯಿಂದ ಬೆಳಗಿನ ತನಕ ಒಂದೇ ಕಿಟಕೀಲಿ ದೀಪ ಉರೀತಿದ್ರೆ ಒಳಗೆ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೆ." ನಿಜ ತಾನೇ. ಬದುಕಿರುವವರು ಅಡುಗೆಮನೆಯಿಂದ ಹಜಾರಕ್ಕೆ ಓಡಾಡುತ್ತಾರೆ, ದೀಪ ಹಾಕುತ್ತಾರೆ, ಆರಿಸುತ್ತಾರೆ.

ಅದಕ್ಕೇ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಅದರಲ್ಲಿ ಮೂರು ಟೈಮರ್ ಇವೆ. ಒಂದನ್ನು ಅಡುಗೆಮನೆಗೆ, ಒಂದನ್ನು ಹಜಾರಕ್ಕೆ, ಒಂದನ್ನು ಮೇಲಿನ ಕೋಣೆಗೆ ಸಿಕ್ಕಿಸು. ಮನಸ್ಸಿಗೆ ಬಂದಾಗ ದೀಪ ಹಾಕುತ್ತವೆ, ಮನಸ್ಸಿಗೆ ಬಂದಾಗ ಆರಿಸುತ್ತವೆ, ಒಂದು ದಿನದಂತೆ ಇನ್ನೊಂದು ದಿನ ಇರುವುದಿಲ್ಲ. ಜೊತೆಗೆ ಕಡಿಮೆ ಕರೆಂಟು ತಿನ್ನುವ ಬಲ್ಬುಗಳಿವೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಎಫಿ

*

ಮಾರ್ಲೋ ಕೋವ್
8 ಡಿಸೆಂಬರ್ 2007

ಎಫಿ,

ಪೆಟ್ಟಿಗೆ ಬಂತು. ನೀನು ಹೇಳಿದ ಹಾಗೆ ಎಲ್ಲ ಸಿಕ್ಕಿಸಿದ್ದೇನೆ. ಅಡುಗೆಮನೆಯ ದೀಪ ತಾನಾಗಿ ಹತ್ತಿಕೊಂಡಾಗ ಬಾಗಿಲ ತನಕ ಓಡಿದೆ. ನಿನ್ನ ಮನೆಯಲ್ಲಿ ಈಗ ಮೈಯಿಲ್ಲದ ಒಬ್ಬಳು ಓಡಾಡುತ್ತಿದ್ದಾಳೆ, ನಿನ್ನಷ್ಟು ಮಾತಾಡುವುದಿಲ್ಲ ಎಂಬುದೊಂದೇ ಸಮಾಧಾನ.

ಮೀನು ಪರವಾಗಿಲ್ಲ. ಗಾಳಿ ಕೆಟ್ಟದಾಗಿದೆ.

ಸೆಲ್ಬಿ

*

ಮಾರ್ಲೋ ಕೋವ್
27 ಡಿಸೆಂಬರ್ 2007

ಎಫಿ,

ಕ್ರಿಸ್ಮಸ್ ಆಯಿತು. ಅಕ್ಕ ಉಪ್ಪು ಹಾಕಿದ ಗೋಮಾಂಸ, ಟರ್ನಿಪ್ಪು, ಒಣದ್ರಾಕ್ಷಿ ಕಡುಬು ಎಲ್ಲ ಬೇಯಿಸಿ, "ಎಫಿಯ ಪಾಲು ನೀನೇ ತಿನ್ನು, ದುಃಖಪಟ್ಟುಕೊಂಡು ತಿನ್ನು" ಅಂದಳು. ತಿಂದೆ.

ನಿನ್ನೆ ವೇಷದವರು ಹೊರಟಿದ್ದರು. ಮುಖಕ್ಕೆ ದಿಂಬಿನ ಚೀಲ, ಗಂಡಸರಿಗೆ ಲಂಗ, ಹೆಂಗಸರಿಗೆ ಮೊಣಕಾಲುದ್ದದ ರಬ್ಬರ್ ಬೂಟು. ದೀಪ ಕಂಡ ಮನೆಗೆಲ್ಲ ಹೋಗಿ ಕುಣಿದು, ಯಾರೆಂದು ಗುರುತು ಹಿಡಿಸಿಕೊಂಡು, ಒಂದು ಗುಟುಕು ಕುಡಿದು ಹೋಗುವುದು ತಾನೇ ವಾಡಿಕೆ. ಮೇಲಿನ ಕಿಟಕಿಯಲ್ಲಿ ಬೆಳಕು ನೋಡಿ ನಿನ್ನ ಮನೆಗೂ ಹತ್ತಿದರು. ಬಾಗಿಲು ತಟ್ಟಿದರು, ಮೆಟ್ಟಿಲ ಮೇಲೆ ಕುಣಿದರು. ಯಾರೂ ತೆರೆಯಲಿಲ್ಲ. ಆಗಲೇ ಅವರಿಗೆ ನೆನಪಾದದ್ದು ನೀನಿಲ್ಲವೆಂದು. ಕೆಳಗಿಳಿದು ಬಂದಾಗ ಚೀಲದೊಳಗೆ ಯಾರೋ ಅಳುತ್ತಿದ್ದರು, ಯಾರೆಂದು ಹೇಳುವುದಿಲ್ಲ. ನಿನ್ನ ದೀಪ ಊರವರಿಗೇ ಮೋಸ ಮಾಡುವಷ್ಟು ಚೆನ್ನಾಗಿದೆ ಎಂದಾಯಿತು. ಕಳ್ಳರು ಯಾವ ಲೆಕ್ಕ.

ಸೆಲ್ಬಿ

*

ಕ್ಯಾಂಪ್, ಆಲ್ಬರ್ಟಾ
6 ಜನವರಿ 2008

ಸೆಲ್ಬಿ,

ಸುಳ್ಳು ಹೇಳಿ ಅಭ್ಯಾಸವಿಲ್ಲದವನು ನೀನು, ಹೇಳಬಾರದಿತ್ತು. ಕರೆಂಟು ಬಿಲ್ಲು ಇಲ್ಲಿಗೆ ಬಂದಿದೆ, ನಾನು ಅಲ್ಲಿದ್ದಾಗಿನದಕ್ಕಿಂತ ಏನೂ ಇಳಿದಿಲ್ಲ. ಡೊರೀನಳ ತಾಯಿ ಕೊಲ್ಲಿಯ ಆಚೆಯಿಂದ ನೋಡುತ್ತಾಳಂತೆ: "ಎಫಿ ಮನೆ ಮೇಲಿನ ದೀಪ ಕತ್ತಲಾದಾಗಿಂದ ಬೆಳಗಾಗೋ ತನಕ ಆರೋದೇ ಇಲ್ಲ." ಈಗ ನಿನ್ನ ವೇಷದವರೂ ಅದನ್ನೇ ಹೇಳಿದರು. ಮೇಲಿನ ಕೋಣೆಗೆ ನೀನು ಟೈಮರ್ ಹಾಕಲೇ ಇಲ್ಲ.

ಯಾಕೆ? ನನ್ನ ಮನೆಯಲ್ಲಿ ಯಾರಿದ್ದಾರೆ? ಯಾರಿಗಾದರೂ ಇರಲು ಕೊಟ್ಟಿದ್ದೀಯಾ? ಅಥವಾ ನೀನೇ ಹೋಗಿ ಗಾರ್ಲೆಂಡನ ಕುರ್ಚಿಯಲ್ಲಿ ಕೂತು ಕುಡಿಯುತ್ತೀಯಾ? ಕೇಳಿದರೆ ನಾನು ಇಲ್ಲ ಎನ್ನುತ್ತಿದ್ದೆನೇ? ಕೇಳದೆ ಮಾಡಿದ್ದು ಕಳ್ಳತನವೇ. ತಾಮ್ರ ಕದ್ದವನಿಗೂ ನಿನಗೂ ಏನು ವ್ಯತ್ಯಾಸ? ಇಲ್ಲಿ ನಾಲ್ಕು ಗೋಡೆಗಳ ನಡುವೆ ಕೂತು, ಊರಲ್ಲಿ ನಂಬಬಹುದಾದವನು ಒಬ್ಬನಿದ್ದಾನೆ ಎಂದುಕೊಂಡಿದ್ದೆ.

ಬಾಯಿಬಿಟ್ಟು ಹೇಳು.

ಎಫಿ

*

ಮಾರ್ಲೋ ಕೋವ್
16 ಜನವರಿ 2008

ಎಫಿ,

ಗಾಳಿಗೆ ಟಪಾಲು ತರುವ ಹಡಗು ಬಂದಿರಲಿಲ್ಲ. ನಿನ್ನ ಪತ್ರ ಇವತ್ತು ಸಿಕ್ಕಿತು. ಕಳ್ಳ ಎಂದದ್ದನ್ನು ಎರಡು ಸಲ ಓದಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನಿನ್ನ ಮನೆಯಲ್ಲಿ ಯಾರೂ ಇಲ್ಲ. ದೀಪ ನನಗೆ ಬೇಕು. ಕತ್ತಲಲ್ಲಿ ಬಂದರಿನ ಬಾಯಿಗೆ ಬಂದಾಗ ನಿನ್ನ ಮೇಲಿನ ಕಿಟಕಿಯ ದೀಪವನ್ನು ದೋಣಿ ಕಟ್ಟುವ ಕಟ್ಟೆಯ ದೀಪದ ನೆತ್ತಿಯ ಮೇಲೆ ಕೂರಿಸಬೇಕು, ಒಂದರ ಮೇಲೊಂದು. ಹಾಗೆ ಕೂತಿದ್ದರೆ ನೇರ ಒಳಗೆ ಬರಬಹುದು. ಮೇಲಿನದು ಎಡಕ್ಕೆ ಜರುಗಿತೆಂದರೆ ದೋಣಿಯ ಕೆಳಗೆ ಮುದುಕಿ ಇದ್ದಾಳೆ ಎಂದರ್ಥ. ಇದು ಗಾರ್ಲೆಂಡ್ ಕಂಡುಹಿಡಿದ ಗುರುತು. ನೀನು ಎದ್ದಿದ್ದೀಯೆಂದು ತಿಳಿಯಲು ಅವನು ದೀಪ ಹಾಕಿಸುತ್ತಿರಲಿಲ್ಲ. ಅಥವಾ ಅದಕ್ಕೂ ಇರಬಹುದು, ನನಗೆ ಹೇಳಿಲ್ಲ. ಗುರುತು ದೋಣಿಯೊಳಗಿನ ಮಾತು, ದಡಕ್ಕೆ ತರಬಾರದೆಂದು ನಮ್ಮಪ್ಪಂದಿರು ಕಲಿಸಿದ್ದು ನಿನಗೂ ಗೊತ್ತು. ಹೆಂಡತಿಗೂ ಹೇಳುವುದಿಲ್ಲ.

ಮೂಗುಗುಡ್ಡದ ದೀಪ ಇದ್ದಾಗ ನಿನ್ನದು ಇದ್ದರೂ ನಡೆಯುತ್ತಿತ್ತು, ಇಲ್ಲದಿದ್ದರೂ ನಡೆಯುತ್ತಿತ್ತು. ಈಗ ನಿನ್ನದೊಂದೇ. ಮೊದಲೇ ಯಾಕೆ ಹೇಳಲಿಲ್ಲ ಎನ್ನುತ್ತೀಯ. ಯೋಚಿಸು ಎಫಿ. ಹೆಂಡತಿಯಿಲ್ಲದ ಗಂಡಸು ವಿಧವೆಗೆ, "ನಿನ್ನ ದೀಪ ನೋಡ್ಕೊಂಡು ಮನೆಗೆ ಬರ್ತೀನಿ" ಅಂದರೆ ಈ ಊರಲ್ಲಿ ಅದಕ್ಕೆ ಒಂದೇ ಅರ್ಥ. ಮರುದಿನ ಹೆಂಗಸರೆಲ್ಲ ಮದುವೆಯ ಕೇಕಿಗೆ ಮೊಟ್ಟೆ ಒಡೆಯುತ್ತಾರೆ. ನೀನು ನಗುತ್ತೀಯೆಂದು ಹೆದರಿದೆ. ನಗದಿದ್ದರೆ ಏನು ಗತಿ ಎಂದು ಇನ್ನೂ ಹೆದರಿದೆ. ಹೇಳಿದ್ದರೆ ನೀನು ಆಲ್ಬರ್ಟಾಕ್ಕೆ ಹೋಗದೆ ಉಳಿಯುತ್ತಿದ್ದೆ, ನನ್ನ ಹೊರೆ ನಿನ್ನ ಮೇಲೆ ಬೀಳುತ್ತಿತ್ತು.

ಬಿಲ್ಲಿನಲ್ಲಿ ಆ ದೀಪದ ಪಾಲು ನಾನು ಕೊಡುತ್ತೇನೆ. ಆರಿಸಬೇಡ. ಇಷ್ಟೇ ಕೇಳುವುದು.

ಸೆಲ್ಬಿ

*

ಕ್ಯಾಂಪ್, ಆಲ್ಬರ್ಟಾ
19 ಜನವರಿ 2008

ಸೆಲ್ಬಿ,

ನಿನ್ನಿಂದ ಉತ್ತರವಿಲ್ಲ, ಅಕ್ಕನ ಕೈಲಿ ಒಂದು ಫೋನೂ ಮಾಡಿಸಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ನೋಡಿದ್ದೇನೆ, ನೀನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ.

ಇಲ್ಲಿ ಖಾಯಂ ಕೆಲಸ ಕೊಡುತ್ತೇವೆ ಎಂದು ಕ್ರಿಸ್ಮಸ್‌ಗೆ ಮೊದಲೇ ಕೇಳಿದ್ದರು. ನಿನಗೆ ಬರೆಯಲಿಲ್ಲ. ನಿನ್ನೆ ಒಪ್ಪಿಕೊಂಡೆ. ಏಪ್ರಿಲ್‌ನಲ್ಲಿ ಬರುವುದಿಲ್ಲ, ಆಮೇಲೆ ಯಾವಾಗ ಎಂದೂ ಗೊತ್ತಿಲ್ಲ. ಹಾಗಾದ ಮೇಲೆ ಆ ಮನೆಗೆ ಟೈಮರ್ ಯಾಕೆ, ಬಲ್ಬು ಯಾಕೆ? ಕರೆಂಟು ಕಂಪನಿಗೆ ಫೋನ್ ಮಾಡಿ ಸಂಪರ್ಕವನ್ನೇ ತೆಗೆಯಿರಿ ಎಂದೆ. ಮಂಗಳವಾರ ಲೈನ್‌ಮನ್ ಹ್ಯೂಬರ್ಟ್ ಕಂಬ ಹತ್ತಿ ತಂತಿ ಬಿಡಿಸುತ್ತಾನೆ. ಇದ್ದ ತಾಮ್ರವನ್ನು ಬೇಕಾದವರು ಒಯ್ಯಲಿ.

ಕೀಲಿ ಮೆಲ್ವಿನಾಳ ಕೈಗೆ ಕೊಡು.

ಎಫಿ

*

ಕ್ಯಾಂಪ್, ಆಲ್ಬರ್ಟಾ
25 ಜನವರಿ 2008

ಸೆಲ್ಬಿ,

ನಿನ್ನ ಪತ್ರ ಇವತ್ತು ಬಂತು. ಹಿಟ್ಟಿನ ಕೈಯಲ್ಲೇ ಒಡೆದೆ. ಓದಿ ಮುಗಿಸುವ ಮೊದಲೇ ಫೋನಿಗೆ ಓಡಿದೆ. ಸಾಲಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿ ದಾರಿ ಬಿಟ್ಟರು. ನಿಮ್ಮ ಮನೆಯ ಫೋನು ಸತ್ತಿದೆ, ಹ್ಯೂಬರ್ಟನದೂ ಸತ್ತಿದೆ. ಮಂಗಳವಾರ ರಾತ್ರಿಯ ಗಾಳಿಗೆ ಕರಾವಳಿಯ ಲೈನೆಲ್ಲ ಬಿದ್ದಿದೆಯಂತೆ. ಕಂಪನಿಯವಳು ಹೇಳಿದ್ದು ಒಂದೇ: "ನೀವು ಕೇಳಿದ ಕೆಲಸ ಮಂಗಳವಾರ ಮುಗ್ದಿದೆ ಅಂತ ಇದೆ ಮೇಡಂ." ಮತ್ತೆ ಜೋಡಿಸಿ ಎಂದೆ. ಲೈನು ಸರಿಯಾದ ಕೂಡಲೇ ಹೇಳುತ್ತೇವೆ ಅಂದಳು.

ಇಷ್ಟು ದಿನ ಕತ್ತಲು. ಈ ಪತ್ರ ನಿನಗೆ ಯಾವಾಗ ಸಿಗುತ್ತದೋ. ಸಮುದ್ರಕ್ಕೆ ಹೋಗಬೇಡ ಎಂದು ಬರೆಯುತ್ತಿದ್ದೇನೆ, ನೀನು ಈಗಾಗಲೇ ಹೋಗಿ ಬಂದಿರುತ್ತೀಯ ಅಥವಾ ಬಂದಿರುವುದಿಲ್ಲ.

ನಾನು ನಗುತ್ತಿರಲಿಲ್ಲ ಸೆಲ್ಬಿ.

ಎಫಿ

*

ಮಾರ್ಲೋ ಕೋವ್
27 ಜನವರಿ 2008

ಎಫಿ,

ನಾನು ಮೆಲ್ವಿನಾ. ಸೆಲ್ಬಿ ಬದುಕಿದ್ದಾನೆ. ಅದನ್ನು ಮೊದಲ ಸಾಲಿನಲ್ಲಿ ಬರೆ ಎಂದು ಅವನೇ ಹೇಳಿದ. ಎರಡನೆಯ ಸಾಲಿನಲ್ಲಿ, "ದೋಣಿ ಹಳೇದಿತ್ತು, ಹೋಯ್ತು ಅಂತ ಬರಿ" ಅಂದ. ದೋಣಿ ಹಳೆಯದಲ್ಲ. ನಿನಗೂ ಗೊತ್ತು.

ಮಂಗಳವಾರ ಬೆಳಿಗ್ಗೆ ಹೋದವನು ಸಂಜೆ ಹಿಮ ಸುರಿಯುವಾಗ ಬಂದರಿನ ಬಾಯಿಗೆ ಬಂದಿದ್ದಾನೆ. ಆ ಹೊತ್ತಿಗೆ ಹ್ಯೂಬರ್ಟ್ ಹಣೆಗೆ ದೀಪ ಕಟ್ಟಿಕೊಂಡು ನಿನ್ನ ಮನೆಯ ಪಕ್ಕದ ಕಂಬದ ತುದಿಯಲ್ಲಿದ್ದ. ನಾನು ಅಡುಗೆಮನೆಯಿಂದ ನೋಡಿದೆ, ರಿಪೇರಿಗೆ ಬಂದಿದ್ದಾನೆ ಎಂದುಕೊಂಡು ಬಟಾಟೆ ಸುಲಿಯುತ್ತಿದ್ದೆ. ನಿನ್ನ ಕಿಟಕಿ ಕತ್ತಲಾಯಿತು, ಹ್ಯೂಬರ್ಟನ ಹಣೆಯ ದೀಪ ಕಂಬದಲ್ಲಿ ಉಳಿಯಿತು. ಸೆಲ್ಬಿ ಅದನ್ನೇ ನಿನ್ನ ದೀಪ ಎಂದುಕೊಂಡ, ಅದು ಕಿಟಕಿಯಿಂದ ಬದಿಗಿದೆ ಎಂದು ಹಿಮದಲ್ಲಿ ತಿಳಿಯಲಿಲ್ಲ. ಕಟ್ಟೆಯ ದೀಪದ ಮೇಲೆ ಅಚ್ಚುಕಟ್ಟಾಗಿ ಕೂರಿಸಿಕೊಂಡು ಬಂದು ಮುದುಕಿ ಬಂಡೆಯ ಮೇಲೆ ದೋಣಿ ಏರಿಸಿದ.

ಮೀನಿನ ಎರಡು ತೊಟ್ಟಿ ಅಪ್ಪಿಕೊಂಡು ತೇಲುತ್ತಿದ್ದನಂತೆ. ಅವನ ಕೂಗು ಮೊದಲು ಕೇಳಿಸಿದ್ದು ಹ್ಯೂಬರ್ಟನಿಗೆ, ಕಂಬದ ಮೇಲಿದ್ದನಲ್ಲ. ಅವನೇ ಇಳಿದು ಓಡಿ ಬಂದು ಜನ ಕೂಡಿಸಿದ. ಎಳೆದು ತಂದಾಗ ಸೆಲ್ಬಿಯ ಬಟ್ಟೆ ಮರದ ಹಲಗೆಯಾಗಿತ್ತು. ಬಲಗೈಯ ಎರಡು ಬೆರಳು ಡಾಕ್ಟರು ತೆಗೆದರು. ಹ್ಯೂಬರ್ಟ್ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಒಳಗೆ ಬರುವುದಿಲ್ಲ.

ಗಾಳಿಗೆ ನಿನ್ನ ಮನೆಯ ಕರೆಂಟು ಹೋಗಿತ್ತು ಎಂದು ಸೆಲ್ಬಿ ತಿಳಿದಿದ್ದಾನೆ. ನಿನ್ನ ಹತ್ತೊಂಬತ್ತನೇ ತಾರೀಖಿನ ಪತ್ರ ನಿನ್ನೆ ಹಡಗಿನಲ್ಲಿ ಬಂತು. ನಾನೇ ಒಡೆದೆ. ಹೌದು, ನನ್ನ ಹೆಸರಿಗೆ ಬಂದದ್ದಲ್ಲ. ಓದಿ, ಮಡಚಿ, ಏಪ್ರನ್ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಅವನ ಎದುರು ನಿಂತಾಗ ಜೇಬು ಸುಡುತ್ತದೆ. ಅವನು ಕನವರಿಸಿದಾಗ ಯಾರ ಹೆಸರು ಹೇಳುತ್ತಾನೆ ಎಂದು ನಾನು ಬರೆಯುವುದಿಲ್ಲ, ನೀನು ಅದಕ್ಕೆ ಯೋಗ್ಯಳೋ ಅಲ್ಲವೋ ಇವತ್ತು ನನಗೆ ತಿಳಿಯದು. ನಿನ್ನ ಮೇಲೆ ಸಿಟ್ಟಿದೆ ಎಫಿ. ಆದರೂ ಕೇಳುತ್ತೇನೆ. ನೀನು ಹೂಂ ಅಂದರೆ ಪತ್ರ ಒಲೆಗೆ ಹಾಕುತ್ತೇನೆ, ಹ್ಯೂಬರ್ಟನ ಬಾಯಿಗೂ ಬೀಗ ಹಾಕಿಸುತ್ತೇನೆ. ಗಾಳಿಯ ಮೇಲೆ ಹೋಗಲಿ. ಗಾಳಿಗೇನು, ಇಂಥ ಎಷ್ಟೋ ತಪ್ಪು ಹೊತ್ತಿದೆ.

ಮೆಲ್ವಿನಾ

*

ಕ್ಯಾಂಪ್, ಆಲ್ಬರ್ಟಾ
6 ಫೆಬ್ರವರಿ 2008

ಮೆಲ್ವಿನಾ,

ಒಲೆಗೆ ಹಾಕಬೇಡ. ಹಾಕು ಎಂದು ಬರೆದ ಪತ್ರ ಇಲ್ಲೇ ಹರಿದು ಬಿದ್ದಿದೆ, ಒಂದಲ್ಲ. ಅವನು ನನಗೆ ಹೇಳದೆ ಇಟ್ಟ ಮಾತಿನಿಂದ ಇಷ್ಟಾಯಿತು. ಈಗ ನಾನೂ ಒಂದನ್ನು ಮುಚ್ಚಿಟ್ಟು ಅವನ ಎದುರು ಬಂದು ಕೂತು ಚಹಾ ಕುಡಿಯಲೇ? ನನ್ನಿಂದಾಗದು.

ಅದು, ಅದರ ಹಿಂದೆ ಬಂದಿರುವ ಇಪ್ಪತ್ತೈದನೇ ತಾರೀಖಿನದು, ಎರಡೂ ಪತ್ರ ಅವನಿಗೆ ಓದಿ ಹೇಳು. ಕೆಟ್ಟದ್ದನ್ನು ಮೊದಲು. ಕಳ್ಳ ಎಂದವಳು ನಾನು, ತಂತಿ ಬಿಡಿಸಿದವಳು ನಾನು. ಹ್ಯೂಬರ್ಟನಿಗೆ ಅವನ ಕೆಲಸ ಅವನು ಮಾಡಿದ ಎಂದು ಹೇಳಿ ಒಳಗೆ ಕರೆದು ಕೂರಿಸು. ದೀಪ ಮತ್ತೆ ಹತ್ತಿದೆ ಎಂದು ಕಂಪನಿಯವಳು ಹೇಳಿದಳು. ಅದನ್ನು ಹಗಲೂ ರಾತ್ರಿ ಹಾಗೆಯೇ ಬಿಡಿ.

ಇನ್ನು ಮುಂದೆ ಏನಾಗಬೇಕೆಂದು ನನಗೆ ಗೊತ್ತಿಲ್ಲ. ಅವನು ಏನೂ ಬರೆಯದಿದ್ದರೆ ಅದೂ ಉತ್ತರವೇ.

ಎಫಿ

*

ಮಾರ್ಲೋ ಕೋವ್
2 ಮಾರ್ಚ್ 2008

ಎಫಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು ಗುಬ್ಬಿ ಕಾಲು, ಸಹಿಸಿಕೊ.

ಅಕ್ಕ ಎರಡೂ ಪತ್ರ ಓದಿದಳು, ನೀನು ಹೇಳಿದಂತೆ ಕೆಟ್ಟದ್ದನ್ನು ಮೊದಲು. ಕೋಪ ಬಂತು. ಈಗಲೂ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ, ಸುಳ್ಳು ನನಗೆ ಬರುವುದಿಲ್ಲ ಎಂದು ನೀನೇ ಬರೆದಿದ್ದೀಯ. ಕೆಲವು ದಿನ ನಿನ್ನ ಮನೆಯ ಕಡೆ ಬೆನ್ನು ಹಾಕಿ ಮಲಗಿದೆ. ಆಮೇಲೆ ಯೋಚಿಸಿದೆ. ನೀನು ತಂತಿ ಬಿಡಿಸಿದೆ, ನಾನು ಬಾಯಿ ಹೊಲಿದುಕೊಂಡಿದ್ದೆ. ಯಾವುದು ಹೆಚ್ಚು ಎಂದು ತೂಗುತ್ತ ಕೂತರೆ ಚಳಿಗಾಲ ಮುಗಿಯುವುದಿಲ್ಲ.

ಹ್ಯೂಬರ್ಟ್ ಒಳಗೆ ಬಂದ. ಅತ್ತ. "ನಾನು ಇನ್ನೊಂದು ಗಳಿಗೆ ಮುಂಚೆ ಇಳಿದಿದ್ರೆ ನೀನು ಬರೀ ಕತ್ತಲು ನೋಡ್ತಿದ್ದೆ, ಹೊರಗೇ ನಿಲ್ತಿದ್ದೆ" ಅಂದ. "ನೀನು ಇಳಿದಿದ್ರೆ ನನ್ನ ಕೂಗು ಯಾರಿಗೆ ಕೇಳಿಸ್ತಿತ್ತು ಮಾರಾಯ" ಅಂದೆ. ಅಕ್ಕ ಇಬ್ಬರಿಗೂ ಬೈದು ಚಹಾ ಕೊಟ್ಟಳು.

ದೀಪ ಹಗಲೂ ರಾತ್ರಿ ಉರಿಯುತ್ತಿತ್ತು. ನಿನ್ನೆ ಅಕ್ಕನ ತೋಳು ಹಿಡಿದು ಗುಡ್ಡ ಹತ್ತಿ ಅದನ್ನು ಆರಿಸಿ ಬಂದೆ. ಟೈಮರ್‌ಗಳನ್ನು ಮಾತ್ರ ಬಿಟ್ಟಿದ್ದೇನೆ, ಕಳ್ಳರಿಗೆ ಅವು ಸಾಕು. ಸಮುದ್ರದ ಮೇಲೆ ಈಗ ಯಾರೂ ಇಲ್ಲ. ದೋಣಿಯಿಲ್ಲದವನಿಗೆ ಗುರುತು ಬೇಡ. ನೀನು ಸುಮ್ಮನೆ ಬಿಲ್ಲು ಕಟ್ಟಬೇಡ.

ನೀನು ಬರುತ್ತೀಯೋ ಇಲ್ಲವೋ ಕೇಳುವುದಿಲ್ಲ. ಖಾಯಂ ಕೆಲಸ ಒಳ್ಳೆಯದೇ. ಬರುವುದಾದರೆ ಯಾವ ಹಡಗಿಗೆ ಎಂದು ಮೊದಲೇ ಬರಿ. ಹಡಗು ಮೂಗುಗುಡ್ಡ ತಿರುಗುವ ಹೊತ್ತಿಗೆ ಕತ್ತಲಾಗಿರುತ್ತದೆ. ಅವತ್ತು ನಾನೇ ಹೋಗಿ ಮೇಲಿನ ದೀಪ ಹಾಕಿರುತ್ತೇನೆ. ನೀನು ಹಡಗಿನ ಮುಂತುದಿಗೆ ಬಂದು ನಿಂತು ನೋಡು. ಅದು ಕಟ್ಟೆಯ ದೀಪದ ನೆತ್ತಿಯ ಮೇಲೆ ಸರಿಯಾಗಿ ಬಂದು ಕೂರುತ್ತದೆ.

ಗುರುತು ಈಗ ನಿನಗೂ ಗೊತ್ತಲ್ಲ.

ಸೆಲ್ಬಿ